ಕಲ್ಯಾಣದ ಬಾಗಿಲು

ನೀಲಗಾರರ ಹಾಡನ್ನು ಕೇಳುತ್ತ ಉಮ್ಮತ್ತೂರಿನ ಜಗಲಿಯ ಮೇಲೆ ನಿದ್ದೆಹೋದ ಹುಡುಗರಲ್ಲಿ ನಾನೂ ಒಬ್ಬ. ತಂಬೂರಿ, ಗಗ್ಗರಗಳ ಸದ್ದಿನಲ್ಲಿ ಮಂಟೇಸ್ವಾಮಿಯ ಕಥೆ ರಾತ್ರಿಯೆಲ್ಲ ಸಾಗುತ್ತಿತ್ತು. ಅದರಲ್ಲಿ ಎಷ್ಟೋ ಭಾಗ ನನ್ನ ನಿದ್ದೆಯ ಪಾಲಾದರೂ ಕಲ್ಯಾಣದ ಸಾಲು ಬಂದಾಗ ಮಾತ್ರ ಎಚ್ಚರವಾಗಿಬಿಡುತ್ತಿತ್ತು. ಬಸವಣ್ಣನವರ ಪಟ್ಟಣದಲ್ಲಿ ಶರಣರೆನ್ನಿಸಿಕೊಂಡವರು ಸಾವಿರ ಸಾವಿರ. ನಿಜವಾದವರು ಎಷ್ಟು ಮಂದಿ ಎಂದು ನೋಡಬೇಕು. ಗುರು ಮೈಯೆಲ್ಲ ಹುಣ್ಣು ತಾಳಿ, ಸತ್ತ ಕರುವನ್ನು ಹೊತ್ತು, ಹೆಂಡ ಹಿಡಿದು ಬಾಗಿಲಿಗೆ ಬರುತ್ತಾರೆ. ಕಾಯುವವರು ಮೂಗು ಮುಚ್ಚಿಕೊಂಡು ತಡೆಯುತ್ತಾರೆ. ಒಳಗಿದ್ದ ದೊಡ್ಡವರನ್ನು ಅಷ್ಟು ಧೈರ್ಯವಾಗಿ ನಗೆಗೀಡುಮಾಡಿದ ಕಥೆ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ. ಹಾಡುವವರು ಆ ಕಾವಲಿನವರ ದನಿಯನ್ನು ಅನುಕರಿಸಿದಾಗ ಕೇರಿಯವರೂ ಮೇಲಿನ ಬೀದಿಯ ನಮ್ಮವರೂ ಒಟ್ಟಿಗೇ ನಗುತ್ತಿದ್ದರು. ಯಾರು ಯಾರನ್ನು ಕುರಿತು ನಗುತ್ತಿದ್ದರೆಂದು ಆಗ ನಾನು ಯೋಚಿಸಿರಲಿಲ್ಲ.

ಮುಂದೆ ಒಂದು ದಿನ ಅದೇ ಬಾಗಿಲ ಕಾವಲು ನನಗೇ ಬಂತು.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಕಾಲೇಜಿನ ಹುಡುಗನೊಬ್ಬ ಒಂದು ಕಥೆಯನ್ನು ತಂದು ತೋರಿಸಿದ. ನಮ್ಮೂರಿನವನೇ, ಕೇರಿಯವನು, ತಂದೆ ಬಸ್ ಕಂಡಕ್ಟರು. ನಿವೃತ್ತ ಮೇಷ್ಟ್ರೊಬ್ಬರು ದಿನವೂ ಸಂಜೆ ಉಮ್ಮತ್ತೂರು ಗುಡ್ಡದ ಬಯಲಿಗೆ ಹೋಗಿ ಕೃಷ್ಣಮೃಗಗಳನ್ನು ಎಣಿಸುತ್ತಾರೆ. ಒಂದು ಸಂಜೆ ಲೆಕ್ಕಕ್ಕಿಂತ ಒಂದು ಹೆಚ್ಚಾಗಿ ಕಾಣುತ್ತದೆ. ಹೆಚ್ಚಿನದು ಯಾವುದೆಂದು ತಿಳಿಯದೆ ಅವರಿಗೆ ನಿದ್ದೆ ಬರುವುದಿಲ್ಲ. ಕಥೆ ಇಷ್ಟೇ. ಭಾಷೆ ಹಗುರವಾಗಿತ್ತು, ನಗೆಯಿತ್ತು. ನಾನು ಓದಿ, ‘ಚೆನ್ನಾಗಿದೆಯಪ್ಪ, ಆದರೆ ಇದರಲ್ಲಿ ನೀನೆಲ್ಲಿದ್ದೀಯ? ನಿನ್ನ ಅನುಭವ ಬರೆ, ನಿಮ್ಮ ಕೇರಿಯ ನೋವು ಬರೆ’ ಎಂದೆ. ಹೇಳುವಾಗ ನನ್ನ ಔದಾರ್ಯಕ್ಕೆ ನಾನೇ ಮೆಚ್ಚಿಕೊಂಡೆನೆಂದು ಕಾಣುತ್ತದೆ.

ತಿಂಗಳೊಳಗೆ ಅವನು ಇನ್ನೊಂದು ಕಥೆ ತಂದ. ಹಸಿವು, ಹೆಂಡ, ಸತ್ತ ದನ, ಗೌಡನ ಮಗನ ಅತ್ಯಾಚಾರ, ಕೊನೆಗೆ ಬೆಂಕಿ; ಎಲ್ಲವೂ ಗ್ರಾಮ್ಯದಲ್ಲಿ. ನನಗೆ ಕಣ್ಣು ತುಂಬಿಬಂತು. ಕಾಲೇಜಿನ ಕಥಾ ಸ್ಪರ್ಧೆಯಲ್ಲಿ ಅದಕ್ಕೆ ಮೊದಲ ಬಹುಮಾನ. ‘ಬದುಕಿನಿಂದ ನೇರವಾಗಿ ಕಿತ್ತು ತಂದ ಕಥೆ’ ಎಂದು ತೀರ್ಪಿನಲ್ಲಿ ಬರೆದವನು ನಾನೇ. ಬಹುಮಾನದ ಪುಸ್ತಕಗಳನ್ನು ಕಂಕುಳಲ್ಲಿಟ್ಟುಕೊಂಡು ಹುಡುಗ ನನ್ನ ಮೇಜಿನ ಬಳಿಗೆ ಬಂದು ಮೆಲ್ಲಗೆ ಹೇಳಿದ: ‘ಸಾರ್, ತಪ್ಪು ತಿಳೀಬೇಡಿ. ಸತ್ತ ದನ ಹೊರೋದನ್ನ ನಾನು ನೋಡೇ ಇಲ್ಲ. ಆ ಕಥೇಲಿರೋದೆಲ್ಲ ನೀವು ಕ್ಲಾಸಲ್ಲಿ ಮಾಡಿದ ಪಾಠದಿಂದ ತಗೊಂಡದ್ದು.’

ಅವಮಾನವಾಯಿತೆಂದು ಬೇರೆ ಹೇಳಬೇಕಾಗಿಲ್ಲ. ಅದರ ಅರ್ಥ ತಿಳಿಯಲು ಮಾತ್ರ ನನಗೆ ಹೊರಗಿನ ಒಂದು ಪುಸ್ತಕ ಬೇಕಾಯಿತು. ಅಮೆರಿಕದ ಕರಿಯ ಲೇಖಕ ಪರ್ಸಿವಲ್ ಎವೆರೆಟ್ 2001ರಲ್ಲಿ ‘ಇರೇಷರ್’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಅದರ ನಾಯಕ ಒಬ್ಬ ಕರಿಯ ಪ್ರಾಧ್ಯಾಪಕ. ಗ್ರೀಕರ ನಾಟಕಗಳನ್ನು ಹಿಡಿದು ಕಷ್ಟದ ಕಾದಂಬರಿ ಬರೆಯುವವನು. ಇವುಗಳಿಗೂ ಕರಿಯರ ಅನುಭವಕ್ಕೂ ಏನು ಸಂಬಂಧ ಎಂಬುದು ವಿಮರ್ಶಕರ ಪ್ರಶ್ನೆ. ಅಂಗಡಿಯವರಂತೂ ಅವನ ಪುಸ್ತಕಗಳನ್ನು ಕಾದಂಬರಿಗಳ ಜೊತೆಗಿಡದೆ ಕರಿಯರ ಅಧ್ಯಯನದ ಕಪಾಟಿನಲ್ಲಿಟ್ಟಿದ್ದಾರೆ. ಅವನು ರೇಗಿ, ಸುಳ್ಳು ಹೆಸರಿನಲ್ಲಿ, ಕೊಳಗೇರಿಯ ಕ್ರೌರ್ಯವನ್ನೆಲ್ಲ ಒಟ್ಟುಹಾಕಿ ಅಣಕದ ಕಾದಂಬರಿಯೊಂದನ್ನು ಬರೆದು ಕಳಿಸುತ್ತಾನೆ. ಲೋಕ ಅದನ್ನು ನಿಜವೆಂದೇ ತಿಳಿದು ಹಣ ಸುರಿಯುತ್ತದೆ. ಮನೆಯಲ್ಲಿ ನೆನಪು ಅಳಿಸಿಹೋಗುತ್ತಿರುವ ಮುದಿ ತಾಯಿ, ಹಣ ಬೇಡವೆನ್ನುವಂತಿಲ್ಲ. ಕೊನೆಗೆ ಅವನೇ ತೀರ್ಪುಗಾರನಾಗಿ ಕುಳಿತ ಸಮಿತಿ ಆ ಪುಸ್ತಕಕ್ಕೇ ಬಹುಮಾನ ಕೊಡುತ್ತದೆ. 2023ರಲ್ಲಿ ಇದು ‘ಅಮೆರಿಕನ್ ಫಿಕ್ಷನ್’ ಎಂಬ ಚಿತ್ರವೂ ಆಯಿತು. ಇದನ್ನು ಓದಿ ನಕ್ಕವರು ಬಹಳ ಮಂದಿ. ನಾನು ಆ ಸಮಿತಿಯ ಕುರ್ಚಿಗಳಲ್ಲಿ ನನ್ನದು ಯಾವುದೆಂದು ಹುಡುಕುತ್ತಿದ್ದೆ.

ಒಂದು ಆಕ್ಷೇಪವನ್ನು ಇಲ್ಲಿಯೇ ಒಪ್ಪಿಕೊಳ್ಳಬೇಕು. ಕೇರಿಯ ನೋವನ್ನು ಬರೆದವರು ಯಾರನ್ನೂ ಮೆಚ್ಚಿಸಲು ಬರೆಯಲಿಲ್ಲ. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯವನ್ನು ‘ಬೂಸ’ ಎಂದು ಕರೆದಾಗ ಎದ್ದ ಗಲಭೆಯಲ್ಲಿ ಅವರ ಮಂತ್ರಿಪದವಿಯೇ ಹೋಯಿತು. ನಮ್ಮ ಸಾಹಿತ್ಯದಲ್ಲಿ ತಮ್ಮ ಮುಖವೇ ಇಲ್ಲವೆಂಬ ಸಂಕಟ ಆ ಒರಟು ಮಾತಿನ ಹಿಂದೆ ಇತ್ತು. ಎರಡೇ ವರ್ಷಕ್ಕೆ, 1975ರಲ್ಲಿ, ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಆ ಹಾಡು ಬಾಗಿಲಲ್ಲಿ ನಿಂತು ಯಾರ ಅನುಮತಿಯನ್ನೂ ಬೇಡಲಿಲ್ಲ. ಹುಣ್ಣನ್ನು ತಾನಾಗಿ ತೋರಿಸುವುದು ಒಂದು. ತೋರಿಸಿದರೆ ಮಾತ್ರ ಒಳಗೆ ಬಿಡುತ್ತೇನೆನ್ನುವುದು ಇನ್ನೊಂದು. ಮೊದಲನೆಯದು ಅವರ ಹಕ್ಕು. ಎರಡನೆಯದು ನನ್ನಂಥವರು ಕಟ್ಟಿದ ಸುಂಕದ ಕಟ್ಟೆ.

ಇನ್ನೂ ಒಂದು ತಪ್ಪೊಪ್ಪಿಗೆಯಿದೆ. ನಮ್ಮ ಪಕ್ಕದ ನಂಜನಗೂಡು ತಾಲ್ಲೂಕಿನವರೇ ಆದ ದೇವನೂರ ಮಹಾದೇವರ ‘ಕುಸುಮಬಾಲೆ’ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಬರೆದದ್ದು ನಮ್ಮ ಆಡುಮಾತಿನಲ್ಲಿ. ನನಗೆ ಅರ್ಥಕೋಶವೇ ಬೇಕಿರಲಿಲ್ಲ. ಪಾಠಮಾಡುವಾಗ ಜಾತಿಯನ್ನೂ ಕೊಲೆಯನ್ನೂ ಹಲಗೆಯ ಮೇಲೆ ಬರೆದು ಗಂಟೆಗಟ್ಟಲೆ ವಿವರಿಸುತ್ತಿದ್ದೆ. ರಾತ್ರಿ ಮನೆಮನೆಯ ದೀಪದ ಜೋತಮ್ಮಗಳು ಒಂದೆಡೆ ಕೂಡಿ ಸುದ್ದಿಯಾಡುವ ಭಾಗ ಬಂದರೆ ‘ಇದು ಜಾನಪದ ಅಂಶ, ಗುರುತು ಮಾಡಿಕೊಳ್ಳಿ’ ಎಂದು ಮುಂದೆ ಹೋಗುತ್ತಿದ್ದೆ. ದೀಪಗಳಿಗೆ ಬಾಯಿ ಕೊಟ್ಟು ಮಾತಾಡಿಸಿದ ಲೇಖಕನಲ್ಲಿ ನನಗೆ ಬೇಕಾಗಿದ್ದದ್ದು ಸಾಕ್ಷಿ ಹೇಳುವವನು ಮಾತ್ರ. ವಿಚಿತ್ರವಾದ ಕಲ್ಪನೆ ಮಾಡುವ ಸ್ವಾತಂತ್ರ್ಯವನ್ನು ನಾನು ಮೇಲಿನ ಬೀದಿಯ ಲೇಖಕರಿಗೇ ಮೀಸಲಿಟ್ಟಿದ್ದೆ. ಹಾಗೆಂದು ಯಾವ ದಿನವೂ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ. ನನ್ನನ್ನಾದರೋ ಯಾರೂ ‘ನಿಮ್ಮ ಬೀದಿಯವರು ಮಾಡಿದ ಅನ್ಯಾಯ ಬರೆಯಿರಿ, ಅದೇ ನಿಮ್ಮ ಅನುಭವ’ ಎಂದು ಕೇಳಿದ್ದಿಲ್ಲ. ಮಳೆ, ಕಾಫಿ, ತಾತನ ಊರುಗೋಲು ಯಾವುದನ್ನು ಕುರಿತು ಬೇಕಾದರೂ ಬರೆದು, ಮಾನ್ಯ ಸಂಪಾದಕರ ಕೃಪೆಯಿಂದ ಅಚ್ಚುಹಾಕಿಸಿದ್ದೇನೆ.

ನೀಲಗಾರರ ಕಥೆಯಲ್ಲಿ ಗುರುವನ್ನು ಹೊರಗೆ ನಿಲ್ಲಿಸಿದ್ದು ಮೈಮೇಲಿನ ಹುಣ್ಣಿಗಾಗಿ. ನಾನು ಹುಡುಗನನ್ನು ಹೊರಗೆ ನಿಲ್ಲಿಸಿದ್ದು ಹುಣ್ಣಿಲ್ಲವೆಂಬುದಕ್ಕಾಗಿ. ಬಂದವನಾರೆಂದು ಅಲ್ಲಿಯವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಹೋದ ಬೇಸಗೆಯಲ್ಲಿ ಊರಿಗೆ ಹೋದಾಗ ಅವನು ಬಸ್ ನಿಲ್ದಾಣದಲ್ಲಿ ಸಿಕ್ಕಿದ. ಈಗ ಕೆಲಸದಲ್ಲಿದ್ದಾನೆ. ಮೇಷ್ಟ್ರ ಕಥೆಯನ್ನು ಕೊಡಪ್ಪ, ಇನ್ನೊಮ್ಮೆ ಓದಬೇಕು ಎಂದೆ. ಅವನು ನಕ್ಕು, ‘ಎಲ್ಲೋ ಅದೆ ಸಾ, ಹುಡುಕ್ಬೇಕು’ ಎಂದ. ಕೊಡುವನೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ. ಬಸ್ಸು ಬಂತು, ಅವನು ಹತ್ತಿಕೊಂಡ. ನಾನು ಹೊತ್ತು ಮುಳುಗುವವರೆಗೆ ಗುಡ್ಡದ ಕಡೆ ನಡೆದುಹೋಗಿ ಎಣಿಸಲು ನೋಡಿದೆ. ಹದಿನಾಲ್ಕರವರೆಗೆ ಬಂದಾಗ ಒಂದು ಚಿಗರೆ ನೆಗೆಯಿತು, ಉಳಿದವೂ ಓಡಿದವು.