ಲೋಹಕ್ಕೆ ಜೀವ: ಹೊಣೆ ಯಾರದು?



ಹಿಂದೆ ನಮ್ಮ ಮನೆಗಳಲ್ಲಿ ಉರಿಯುತ್ತಿದ್ದ ಬುರುಡೆ ದೀಪಗಳು ನಿಮಗೆ ನೆನಪಿರಬಹುದು. ಗಾಜಿನೊಳಗೆ ಕೂದಲೆಳೆಯಷ್ಟು ಸಣ್ಣದಾದ ಸುರುಳಿ ತಂತಿ. ವಿದ್ಯುತ್ತು ಹರಿದೊಡನೆ ಕಾದು ಬೆಳಕು ಚೆಲ್ಲುತ್ತಿತ್ತು. ಆ ತಂತಿ ಟಂಗ್‌ಸ್ಟನ್ ಎಂಬ ಲೋಹದ್ದು. ಕಾಯಿಸಿದರೆ ಬೆಳಗುವ, ಬಿಟ್ಟರೆ ಆರಿಹೋಗುವ, ತನ್ನಷ್ಟಕ್ಕೆ ತಾನು ಏನನ್ನೂ ಮಾಡಲಾರದ ಜಡವಸ್ತು. ಇಂತಹ ಲೋಹದಿಂದ ಜೀವವನ್ನು ಕಟ್ಟಲು ಸಾಧ್ಯವೇ? ಆಹಾರ ಪಡೆಯುವ, ಬೆಳೆಯುವ, ತನ್ನಂತಹ ಮತ್ತೊಂದನ್ನು ಹುಟ್ಟಿಸುವ ಜೀವವನ್ನು?

ಕಟ್ಟುಕಥೆಯಂತೆ ತೋರುವ ಈ ಪ್ರಶ್ನೆಯನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾನಿಲಯದ ರಸಾಯನ ವಿಜ್ಞಾನಿ ಲೀ ಕ್ರೋನಿನ್ ತಮ್ಮ ಸಂಶೋಧನೆಯ ಗುರಿಯಾಗಿಸಿಕೊಂಡರು. ಟಂಗ್‌ಸ್ಟನ್‌ನಂತಹ ಲೋಹದ ಪರಮಾಣುಗಳು ಆಮ್ಲಜನಕದೊಡನೆ ಬೆಸೆದುಕೊಂಡು ದೊಡ್ಡ ಗೊಂಚಲುಗಳಾಗುತ್ತವೆ. ಋಣ ವಿದ್ಯುದಂಶವುಳ್ಳ ಈ ಗೊಂಚಲುಗಳ ದ್ರಾವಣವನ್ನು, ಧನ ವಿದ್ಯುದಂಶವುಳ್ಳ ದೊಡ್ಡ ಅಯಾನುಗಳಿರುವ ಮತ್ತೊಂದು ದ್ರಾವಣದೊಳಕ್ಕೆ ಹನಿಸಿದಾಗ, ಎರಡೂ ಸಂಧಿಸುವೆಡೆಯಲ್ಲಿ ನೀರಿನಲ್ಲಿ ಕರಗದ ತೆಳುವಾದ ಪೊರೆ ಕಟ್ಟುತ್ತದೆ. ಹನಿಯು ಪುಟ್ಟ ಚೀಲವಾಗುತ್ತದೆ. ಚೀಲದೊಳಗೆ ಚೀಲವನ್ನು ಮಾಡಬಹುದು. ಕೆಲವು ವಸ್ತುಗಳನ್ನು ಒಳಬಿಟ್ಟು ಕೆಲವನ್ನು ತಡೆಯುವಂತೆ ಪೊರೆಯನ್ನು ರೂಪಿಸಬಹುದು. 2011ರಲ್ಲಿ ಕ್ರೋನಿನ್ ಮತ್ತು ಸಂಗಡಿಗರು ಇಂತಹ ಚೀಲಗಳನ್ನು ಲೋಕದ ಮುಂದಿಟ್ಟರು. ಅದೇ ವರ್ಷ ಎಡಿನ್‌ಬರೋದಲ್ಲಿ ಮಾಡಿದ ಭಾಷಣದಲ್ಲಿ ಅವರು ತಮ್ಮ ಆಶಯವನ್ನು ಮುಚ್ಚಿಡಲಿಲ್ಲ: ಇಂಗಾಲವನ್ನು ಆಧರಿಸದ, ತಾನೇ ವಿಕಾಸ ಹೊಂದುವ ವಸ್ತುವನ್ನು ನಿರ್ಮಿಸುವುದು.

ಈ ಚೀಲಗಳು ಜೀವಿಗಳಲ್ಲ. ಅವು ಸಂತಾನವನ್ನು ಪಡೆಯಲಿಲ್ಲ, ತಮ್ಮ ಗುಣಗಳನ್ನು ಮುಂದಿನ ಪೀಳಿಗೆಗೆ ದಾಟಿಸಲಿಲ್ಲ. ಇಂದಿಗೂ ಲೋಹದಿಂದ ಜೀವಿಯನ್ನು ಯಾರೂ ಕಟ್ಟಿಲ್ಲ. ಹಾಗಿದ್ದರೂ ಈ ವಿಷಯವನ್ನು ಇಂದೇ ಚಿಂತಿಸಬೇಕಾಗಿದೆ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ವಿಶ್ವಾಸವು ಹೆದರಬೇಕೇ?

ಮೊದಲು ಒಂದು ಭಯವನ್ನು ಬದಿಗಿರಿಸೋಣ. ಮನುಷ್ಯನು ಜಡವಸ್ತುವಿನಿಂದ ಜೀವವನ್ನು ಮಾಡಿಬಿಟ್ಟರೆ ದೇವರಿಗೆ ಸ್ಥಾನವೆಲ್ಲಿ ಎಂದು ಕೆಲವರು ಕಳವಳಪಡುತ್ತಾರೆ. ಈ ಕಳವಳ ಹೊಸದಲ್ಲ. ಜೀವಿಗಳ ದೇಹದಲ್ಲಿ ಸಿಗುವ ವಸ್ತುಗಳನ್ನು ಮಾಡಲು ವಿಶೇಷವಾದ ಪ್ರಾಣಶಕ್ತಿಯೇ ಬೇಕೆಂದು ಒಂದು ಕಾಲದಲ್ಲಿ ಅನೇಕ ಪಂಡಿತರು ನಂಬಿದ್ದರು. 1828ರಲ್ಲಿ ಜರ್ಮನಿಯ ಫ್ರೀಡ್ರಿಕ್ ವೋಲರ್ ಯಾವ ಪ್ರಾಣಿಯ ನೆರವೂ ಇಲ್ಲದೆ ಯೂರಿಯಾವನ್ನು ತಯಾರಿಸಿದರು. ಇಂದು ನಮ್ಮ ರೈತರು ಅದನ್ನೇ ಮೂಟೆಗಟ್ಟಲೆ ತಂದು ಹೊಲಕ್ಕೆ ಹಾಕುತ್ತಾರೆ. ಅದರಿಂದ ದೇವರ ಮಹಿಮೆಗೆ ಕುಂದು ಬರಲಿಲ್ಲ.

ಇನ್ನು ಲೋಹವೂ ಜೀವಕ್ಕೆ ಪರಕೀಯವೇನಲ್ಲ. ನಮ್ಮ ರಕ್ತಕ್ಕೆ ಕೆಂಪು ಬಣ್ಣ ಕೊಟ್ಟು ಉಸಿರನ್ನು ಮೈಯೆಲ್ಲ ಹೊತ್ತೊಯ್ಯುವುದು ಕಬ್ಬಿಣ. ಎಲೆಯ ಹಸಿರಿನ ನಡುವೆ ಕುಳಿತಿರುವುದು ಮೆಗ್ನೀಸಿಯಂ. ತೊಗರಿ, ಹುರುಳಿಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವುದು ಮಾಲಿಬ್ಡಿನಂ ಎಂಬ ಲೋಹದ ಬಲದಿಂದ. ದೇವರು ಮನುಷ್ಯನನ್ನು ನೆಲದ ಮಣ್ಣಿನಿಂದ ರೂಪಿಸಿದರೆಂದು ಆದಿಕಾಂಡವು ಹೇಳುತ್ತದೆ. ಮಣ್ಣು ಜೀವಕ್ಕೆ ಅಯೋಗ್ಯವೆಂದು ನಮ್ಮ ಧರ್ಮವು ಎಂದೂ ಬೋಧಿಸಲಿಲ್ಲ. 2010ರಲ್ಲಿ ಅಮೆರಿಕದ ಕ್ರೇಗ್ ವೆಂಟರ್ ಅವರ ತಂಡವು ಪ್ರಯೋಗಾಲಯದಲ್ಲಿ ಕಟ್ಟಿದ ಅನುವಂಶಿಕ ದ್ರವ್ಯವನ್ನು ಒಂದು ಬ್ಯಾಕ್ಟೀರಿಯಾದೊಳಗೆ ಇರಿಸಿ ಅದನ್ನು ನಡೆಸಿದಾಗ, ವ್ಯಾಟಿಕನ್ನಿನ ದಿನಪತ್ರಿಕೆಯು ಅದನ್ನು ಶಪಿಸಲಿಲ್ಲ. ಅದು ಉತ್ತಮ ಕೌಶಲವೆಂದು ಒಪ್ಪಿ, ಜೀವಸೃಷ್ಟಿಯಲ್ಲವೆಂದು ನೆನಪಿಸಿ, ಎಚ್ಚರಿಕೆಯನ್ನು ಬಯಸಿತು.

ಆದುದರಿಂದ ‘ಮನುಷ್ಯನಿಗೆ ಇದು ಸಾಧ್ಯವೇ’ ಎಂಬುದನ್ನು ವಿಜ್ಞಾನಿಗಳಿಗೆ ಬಿಟ್ಟುಬಿಡೋಣ. ನಮ್ಮನ್ನೂ ನಿಮ್ಮನ್ನೂ ತಟ್ಟುವ ಪ್ರಶ್ನೆ ಬೇರೊಂದಿದೆ.

ಯಂತ್ರಕ್ಕೂ ಜೀವಿಗೂ ಇರುವ ಅಂತರ

ಬಡಗಿಯು ಕುರ್ಚಿಯನ್ನು ಮಾಡುತ್ತಾನೆ. ಅದು ಅವನು ಮಾಡಿದಂತೆಯೇ ಇರುತ್ತದೆ. ಕಾಲು ಮುರಿದರೆ ಅವನೇ ಬಂದು ಸರಿಪಡಿಸುತ್ತಾನೆ. ಯಂತ್ರವನ್ನು ನಿರ್ಮಿಸಿದವನಿಗೆ ಅದನ್ನು ನಿಲ್ಲಿಸುವ ಗುಂಡಿ ಎಲ್ಲಿದೆಯೆಂದು ತಿಳಿದಿರುತ್ತದೆ. ಆದರೆ ವಿಕಾಸ ಹೊಂದುವ ವಸ್ತುವನ್ನು ನಿರ್ಮಿಸುವುದೆಂದರೆ, ನಿರ್ಮಿಸಿದವನು ಯೋಚಿಸದಿದ್ದ ದಾರಿಯಲ್ಲಿ ಅದು ಬದಲಾಗಲೆಂದು ಬಯಸುವುದು. ಅದರ ಹೆಚ್ಚುಗಾರಿಕೆ ಇರುವುದೇ ಅದರಲ್ಲಿ. ಕೈಮೀರಿ ಹೋಗುವುದು ಇಲ್ಲಿ ಅಪಘಾತವಲ್ಲ, ಉದ್ದೇಶ.

ಇದರ ಅರ್ಥವನ್ನು ನಮ್ಮ ನೆಲದ ಎರಡು ಅನುಭವಗಳಿಂದ ತಿಳಿಯೋಣ. ಕಾಸರಗೋಡಿನಲ್ಲಿಯೂ ದಕ್ಷಿಣ ಕನ್ನಡದ ಕೊಕ್ಕಡದಂತಹ ಊರುಗಳ ಸುತ್ತಲೂ ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ವರ್ಷಗಟ್ಟಲೆ ಆಕಾಶದಿಂದ ಸಿಂಪಡಿಸಲಾಯಿತು. ಸಿಂಪಡಿಸುವ ಮುನ್ನ ಆ ತೋಟಗಳ ಕೆಳಗೆ ಬಾವಿ ನೀರು ಕುಡಿಯುತ್ತಿದ್ದ ಕುಟುಂಬಗಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸುವ ಹೊತ್ತಿಗೆ, ಎದ್ದು ಕೂರಲಾರದ ಮಕ್ಕಳನ್ನು ಎತ್ತಿ ಸಾಕುತ್ತಿದ್ದ ತಾಯಂದಿರು ಆ ಊರುಗಳಲ್ಲಿ ಅನೇಕರಿದ್ದರು. ಎಂಡೋಸಲ್ಫಾನ್ ನಿರ್ಜೀವ ದ್ರವ. ಸುರಿದಷ್ಟೇ ಇರುತ್ತದೆ, ತಾನಾಗಿ ಹೆಚ್ಚುವುದಿಲ್ಲ. ಸಿಂಪಡಣೆಯನ್ನು ನಿಲ್ಲಿಸಬಹುದಾಗಿತ್ತು, ಕೊನೆಗೆ ನಿಲ್ಲಿಸಲಾಯಿತು.

ಇನ್ನೊಂದು, ಪಾರ್ಥೇನಿಯಂ, ನಮ್ಮ ರೈತರ ಮಾತಿನಲ್ಲಿ ಕಾಂಗ್ರೆಸ್ ಗಿಡ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಹೊರನಾಡಿನ ಕಳೆಯನ್ನು ಇಲ್ಲಿ ಬೆಳೆಸಬೇಕೆಂದು ಯಾರೂ ಬಯಸಿರಲಿಲ್ಲ. ಇಂದು ಅದಿಲ್ಲದ ರಸ್ತೆ ಬದಿ ಉಂಟೇ? ಕಿತ್ತವರ ಕೈ ತುರಿಸುತ್ತದೆ, ಮರುಮಳೆಗೆ ಅದು ಮತ್ತೆ ಚಿಗುರುತ್ತದೆ. ಜೀವವುಳ್ಳದ್ದನ್ನು ನಿಲ್ಲಿಸಲು ಯಾವ ನ್ಯಾಯಾಲಯದ ಆಜ್ಞೆಯೂ ಸಾಲದು.

ಲೋಹದ ಚೀಲವು ಪ್ರಯೋಗಾಲಯದ ದ್ರಾವಣವನ್ನು ಬಿಟ್ಟು ಹೊರಗೆ ಉಳಿಯಲಾರದೆಂದು ಒಬ್ಬರು ವಾದಿಸಬಹುದು. ಈಗಿನ ಚೀಲದ ಮಟ್ಟಿಗೆ ಆ ಮಾತು ನ್ಯಾಯವಾದುದೇ. ಆದರೆ ಒಗ್ಗದ ಪರಿಸರಕ್ಕೆ ಪೀಳಿಗೆಯಿಂದ ಪೀಳಿಗೆಗೆ ಒಗ್ಗಿಕೊಳ್ಳುವ ಸಾಮರ್ಥ್ಯಕ್ಕೇ ನಾವು ವಿಕಾಸವೆಂದು ಹೆಸರಿಟ್ಟಿದ್ದೇವೆ. ಆ ಸಾಮರ್ಥ್ಯವನ್ನು ಕೊಡುವುದೇ ಗುರಿಯಾಗಿರುವಾಗ, ಅದಿಲ್ಲದಿರುವುದನ್ನೇ ರಕ್ಷಣೆಯೆಂದು ನೆಚ್ಚುವುದು ಹೇಗೆ? ಇಲ್ಲಿ ಹೊಣೆಯನ್ನು ಆಮೇಲೆ ಹೊರಲು ಅವಕಾಶವಿಲ್ಲ. ಹೊರುವುದಿದ್ದರೆ ಮೊದಲೇ ಹೊರಬೇಕು. ಇಂದೇ ಚಿಂತಿಸಬೇಕೆಂದು ನಾನು ಹೇಳಿದ್ದು ಇದಕ್ಕಾಗಿ.

‘ನಾನು ಬಿಟ್ಟರೆ ಇನ್ನೊಬ್ಬ ಮಾಡುತ್ತಾನೆ’

ಲಗಾಮಿಲ್ಲದ ವಿಜ್ಞಾನದ ಪರವಾಗಿ ಆಡುವ ಮಾತುಗಳಲ್ಲಿ ಎರಡು ಮುಖ್ಯವಾದವು. ಮೊದಲನೆಯದು, ಜ್ಞಾನಕ್ಕೆ ಬೇಲಿ ಹಾಕಿದರೆ ಲೋಕಕ್ಕೆ ದಕ್ಕಬೇಕಾದ ಒಳಿತು ತಪ್ಪುತ್ತದೆ ಎಂಬುದು. ಇದರಲ್ಲಿ ಸತ್ಯವಿದೆ. ಬಿಸಿಲಿನ ಬಲದಿಂದ ನೀರನ್ನು ಒಡೆದು ಇಂಧನ ಪಡೆಯಲು ಇಂತಹ ಲೋಹದ ಗೊಂಚಲುಗಳು ನೆರವಾದಾವೆಂಬ ಆಸೆಯಿದೆ. ರೋಗಿಯ ಹಾಸಿಗೆಯ ಪಕ್ಕದಲ್ಲಿ ಕುಳಿತವರಾರೂ ಸಂಶೋಧನೆಯನ್ನು ಹಳಿಯಲಾರರು.

ಎರಡನೆಯದು, ‘ನಾನು ಬಿಟ್ಟರೆ ಇನ್ನೊಬ್ಬ ಮಾಡುತ್ತಾನೆ’ ಎಂಬುದು. ಈ ಮಾತು ಜಾಣತನದಂತೆ ಕಂಡರೂ ಪ್ರತಿಯೊಬ್ಬನ ಹೊಣೆಯನ್ನೂ ಕರಗಿಸಿಬಿಡುತ್ತದೆ. ಎಲ್ಲರೂ ಹೀಗೆಯೇ ಹೇಳಿದರೆ ಆ ‘ಇನ್ನೊಬ್ಬ’ ಯಾರು? ಜೋಸೆಫ್ ರಾಟ್‌ಬ್ಲಾಟ್ ಎಂಬ ಭೌತವಿಜ್ಞಾನಿ ಅಣುಬಾಂಬಿನ ಯೋಜನೆಯಲ್ಲಿ ದುಡಿಯುತ್ತಿದ್ದರು. ಜರ್ಮನಿಯು ಬಾಂಬು ಮಾಡುತ್ತಿಲ್ಲವೆಂದು ತಿಳಿದಾಗ, 1944ರ ಕೊನೆಯಲ್ಲಿ ಅವರು ಆ ಕೆಲಸವನ್ನು ಬಿಟ್ಟು ಹೊರಟರು. ಅವರು ಹೊರಟಿದ್ದರಿಂದ ಬಾಂಬು ನಿಲ್ಲಲಿಲ್ಲ, ನಿಜ. ಆದರೆ ವಿಜ್ಞಾನಿಯೂ ‘ನಾನು ಮಾಡಲಾರೆ’ ಎನ್ನಬಲ್ಲನೆಂಬುದಕ್ಕೆ ಅವರು ಸಾಕ್ಷಿಯಾದರು. ಅಣ್ವಸ್ತ್ರಗಳ ವಿರುದ್ಧ ಜೀವಮಾನವಿಡೀ ದುಡಿದ ಅವರಿಗೆ 1995ರಲ್ಲಿ ಶಾಂತಿಯ ನೊಬೆಲ್ ಪ್ರಶಸ್ತಿ ಬಂದಿತು.

ಇದಕ್ಕೆ ವಿರುದ್ಧವಾದ ಉದಾಹರಣೆ ಚೀನಾದ ಹೇ ಜಿಯಾನ್‌ಕುಯಿ. ಹುಟ್ಟಲಿರುವ ಹೆಣ್ಣು ಅವಳಿ ಮಕ್ಕಳ ವಂಶವಾಹಿಗಳನ್ನು ಅವರು ತಿದ್ದಿದರು. 2018ರ ನವೆಂಬರಿನಲ್ಲಿ ಲೋಕಕ್ಕೆ ತಿಳಿಯುವಾಗ ಮಕ್ಕಳು ಹುಟ್ಟಿಯಾಗಿತ್ತು. ಮರುವರ್ಷ ನ್ಯಾಯಾಲಯವು ಅವರಿಗೆ ಮೂರು ವರ್ಷಗಳ ಸೆರೆವಾಸ ವಿಧಿಸಿತು. ಶಿಕ್ಷೆಯು ಮೂರು ವರ್ಷಕ್ಕೆ ಮುಗಿಯಿತು. ಆ ಮಕ್ಕಳ ಮೈಯಲ್ಲಿ ಮಾಡಿದ ಬದಲಾವಣೆ ಮುಗಿಯುವುದಿಲ್ಲ.

ಕುಳಿತು ಲೆಕ್ಕ ಹಾಕಿದವರು

ಗೋಪುರ ಕಟ್ಟಬಯಸುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವನೆಂದು ಯೇಸುಸ್ವಾಮಿ ಹೇಳಿದ್ದನ್ನು ನಾವು ಲೂಕನ ಶುಭಸಂದೇಶದಲ್ಲಿ ಕೇಳಿದ್ದೇವೆ. ವಿಜ್ಞಾನದ ಚರಿತ್ರೆಯಲ್ಲಿಯೂ ಹಾಗೆ ಕುಳಿತವರಿದ್ದಾರೆ. ಬೇರೆ ಬೇರೆ ಜೀವಿಗಳ ವಂಶವಾಹಿಗಳನ್ನು ಜೋಡಿಸುವ ವಿದ್ಯೆ ಕೈಗೆ ಬಂದಾಗ, 1974ರಲ್ಲಿ ಪಾಲ್ ಬರ್ಗ್ ಮೊದಲಾದ ವಿಜ್ಞಾನಿಗಳು ಅಪಾಯದ ಪ್ರಯೋಗಗಳನ್ನು ತಡೆಹಿಡಿಯೋಣವೆಂದು ತಮ್ಮ ಸಹೋದ್ಯೋಗಿಗಳನ್ನು ಬೇಡಿಕೊಂಡರು. 1975ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಸಿಲೊಮಾರ್ ಎಂಬಲ್ಲಿ ಸೇರಿ, ಯಾವ ಪ್ರಯೋಗಕ್ಕೆ ಎಷ್ಟು ಕಟ್ಟುನಿಟ್ಟು ಬೇಕೆಂದು ನಿಯಮ ಮಾಡಿಕೊಂಡರು. 2024ರ ಡಿಸೆಂಬರಿನಲ್ಲಿ 38 ವಿಜ್ಞಾನಿಗಳು ಇಂಥದೇ ಮತ್ತೊಂದು ಎಚ್ಚರಿಕೆಯನ್ನು ಕೊಟ್ಟರು. ಕನ್ನಡಿಯ ಪ್ರತಿಬಿಂಬದಂತೆ ತಿರುವುಮುರುವಾದ ಅಣುಗಳಿಂದ ಬ್ಯಾಕ್ಟೀರಿಯಾವನ್ನು ಕಟ್ಟಿದರೆ, ನಮ್ಮ ದೇಹದ ರೋಗನಿರೋಧಕ ಶಕ್ತಿಯು ಅದನ್ನು ಗುರುತಿಸದೆ ಹೋಗಬಹುದು; ಆದುದರಿಂದ ಕಟ್ಟುವುದೇ ಬೇಡವೆಂದರು. ಹಾಗೆ ಹೇಳಿದವರಲ್ಲಿ ಮಿನೆಸೋಟಾ ವಿಶ್ವವಿದ್ಯಾನಿಲಯದ ಕೇಟ್ ಅಡಮಾಲಾ ಅವರಂತೆ ಆ ದಾರಿಯಲ್ಲಿ ತಾವೇ ಹೆಜ್ಜೆಯಿಟ್ಟಿದ್ದವರೂ ಇದ್ದರು.

ಆದರೆ ನಾನು ನಿಮಗೆ ಮುಖ್ಯವಾಗಿ ಹೇಳಬಯಸುವುದು ಇನ್ನೊಂದು ಊರಿನ ವಿಷಯ. 1976ರಲ್ಲಿ ಅಮೆರಿಕದ ಕೇಂಬ್ರಿಜ್ ನಗರದಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯವು ವಂಶವಾಹಿ ಜೋಡಣೆಯ ಪ್ರಯೋಗಾಲಯವನ್ನು ಕಟ್ಟಲು ಹೊರಟಾಗ, ನಗರಸಭೆಯು ಬಹಿರಂಗ ವಿಚಾರಣೆ ನಡೆಸಿ ಕೆಲವು ಪ್ರಯೋಗಗಳಿಗೆ ತಡೆಯೊಡ್ಡಿತು. ಬಳಿಕ ನಾಗರಿಕರ ಒಂದು ಸಮಿತಿಯನ್ನು ನೇಮಿಸಿತು. ಅದರಲ್ಲಿ ಒಬ್ಬ ಎಂಜಿನಿಯರ್, ಒಬ್ಬ ವೈದ್ಯ, ಮನೆ ಕಾಯಿಸುವ ಎಣ್ಣೆಯ ವ್ಯಾಪಾರಿ, ದಾದಿ, ಆಸ್ಪತ್ರೆಯಲ್ಲಿ ಸೇವೆಯಲ್ಲಿದ್ದ ಒಬ್ಬ ಕನ್ಯಾಸ್ತ್ರೀ ಇದ್ದರು. ಅವರು ತಿಂಗಳುಗಟ್ಟಲೆ ಕುಳಿತು ಎರಡೂ ಕಡೆಯ ವಿದ್ವಾಂಸರನ್ನು ಪ್ರಶ್ನಿಸಿದರು. ಪ್ರಯೋಗಗಳು ನಡೆಯಲಿ, ಆದರೆ ಸರಕಾರದ ನಿಯಮಗಳಿಗಿಂತ ಬಿಗಿಯಾದ ಕಟ್ಟುಪಾಡಿನಲ್ಲಿ ನಡೆಯಲಿ ಎಂದು ತೀರ್ಮಾನಿಸಿದರು. 1977ರಲ್ಲಿ ಅದು ನಗರದ ಕಾನೂನಾಯಿತು. ವಿಜ್ಞಾನ ಅಲ್ಲಿಂದ ಓಡಿಹೋಗಲಿಲ್ಲ. ಆ ನಗರವು ಮುಂದೆ ಜೈವಿಕ ತಂತ್ರಜ್ಞಾನದ ಜಗತ್ಪ್ರಸಿದ್ಧ ಕೇಂದ್ರಗಳಲ್ಲೊಂದಾಯಿತು.

ಪರಿಣಾಮವನ್ನು ಅನುಭವಿಸುವವರನ್ನು ಮೊದಲು ಕೇಳಬಹುದೆಂದು ಆ ಊರು ತೋರಿಸಿಕೊಟ್ಟಿತು. ಕೇಳದೇ ಹೋದರೆ ಏನಾಗುವುದೆಂದು ನಮ್ಮ ಗೇರುತೋಟಗಳು ತೋರಿಸಿವೆ.

ನಮ್ಮ ಪಾಲು

ಕೈಮೀರಿ ಬೆಳೆಯುವ ಜೀವಕ್ಕೆ ಕಾರಣರಾಗುವುದು ತಂದೆತಾಯಿಗಳಾದ ನಿಮಗೆ ತಿಳಿಯದ ವಿಷಯವಲ್ಲ. ಮಗುವು ನಿಮ್ಮ ಕೈಯ ಗೊಂಬೆಯಲ್ಲ; ನಾಳೆ ಅದು ನೀವು ಎಣಿಸಿರದ ದಾರಿಯಲ್ಲಿ ನಡೆದೀತು. ಆದುದರಿಂದಲೇ ಜ್ಞಾನಸ್ನಾನದ ವಿಧಿಯಲ್ಲಿ ನೀರು ಸುರಿಯುವ ಮುನ್ನ, ಆರಂಭದಲ್ಲಿಯೇ, ಗುರುಗಳು ತಂದೆತಾಯಿಯನ್ನು ಪ್ರಶ್ನಿಸುತ್ತಾರೆ: ಹೊರಲಿರುವ ಹೊಣೆ ಎಂತಹುದೆಂದು ತಿಳಿದಿದ್ದೀರಾ ಎಂದು. ಜೊತೆಗೆ ನಿಂತ ಜ್ಞಾನ ತಂದೆತಾಯಿಯನ್ನೂ ನೆರವಾಗಲು ಸಿದ್ಧರಿದ್ದೀರಾ ಎಂದು ಕೇಳುತ್ತಾರೆ. ಇಬ್ಬರೂ ಸಭೆಯ ಮುಂದೆ ಬಾಯಿಬಿಟ್ಟು ಉತ್ತರಿಸಬೇಕು. ಒಂದು ಮಗುವಿಗಾಗಿ ನಾವು ಇಷ್ಟನ್ನು ಕೇಳುವುದಾದರೆ, ಭೂಮಿಯಲ್ಲಿ ಎಂದೂ ಇರದಿದ್ದ ಜೀವಜಾತಿಯನ್ನು ತರಹೊರಟವರನ್ನು ಅಷ್ಟಾದರೂ ಕೇಳಬಾರದೇ?

ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳಿಂದ ಮಕ್ಕಳು ವಿಜ್ಞಾನ ಕಲಿಯಲು ಬೆಂಗಳೂರಿಗೂ ಹೊರದೇಶಗಳಿಗೂ ಹೋಗುತ್ತಿದ್ದಾರೆ. ಅವರನ್ನು ಹೆದರಿಸಿ ಕಳುಹಿಸಬೇಡಿ. ಸೃಷ್ಟಿಯ ಗುಟ್ಟನ್ನು ಅರಸುವುದು ದೇವರು ಕೊಟ್ಟ ಬುದ್ಧಿಗೆ ತಕ್ಕ ಕೆಲಸವೇ. ಆದರೆ ಅವರು ರಜೆಗೆ ಮನೆಗೆ ಬಂದಾಗ ಸಂಬಳವೆಷ್ಟು, ಬಡ್ತಿ ಯಾವಾಗ ಎಂದು ಕೇಳುವುದರ ಜೊತೆಗೆ ಇನ್ನೂ ಮೂರು ಪ್ರಶ್ನೆಗಳನ್ನು ಕೇಳಿ. ನೀನು ಮಾಡುತ್ತಿರುವುದು ಕೆಟ್ಟರೆ ಅದನ್ನು ಹಿಂದಕ್ಕೆ ಪಡೆಯಬಹುದೇ? ಆಗ ನೋಯುವವರು ಯಾರು? ಅವರನ್ನು ಯಾರಾದರೂ ಕೇಳಿದ್ದಾರೆಯೇ?

ಈ ಪ್ರಶ್ನೆಗಳಿಗೆ ರಸಾಯನಶಾಸ್ತ್ರದ ಪದವಿ ಬೇಕಿಲ್ಲ. ಊಟದ ಎಲೆಯ ಮುಂದೆ ಕುಳಿತು ಅಜ್ಜಿಯೂ ಕೇಳಬಹುದು. ಮಗನೋ ಮಗಳೋ ಉತ್ತರಿಸುವ ಮುನ್ನ ಒಂದು ಕ್ಷಣ ತಡೆದು ಯೋಚಿಸಿದರೆ, ಆ ಒಂದು ಕ್ಷಣವೇ ವಿಜ್ಞಾನಕ್ಕೆ ನಮ್ಮ ಮನೆಗಳ ಕಾಣಿಕೆ.