ಗೋಡೆಯ ಆ ಬದಿ

ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಲ್ಲಿ ‘ಕೆ’ಯನ್ನು ಬಿಟ್ಟರೆ ಇಪ್ಪತ್ತೈದು ಉಳಿಯುತ್ತವೆ. ಅವನ್ನು ಐದು ಸಾಲು, ಸಾಲಿಗೆ ಐದು ಮನೆಯಂತೆ ಜೋಡಿಸಿ. ಮೊದಲು ಸಾಲಿನ ಸಂಖ್ಯೆಯಷ್ಟು ಬಡಿತ, ತುಸು ತಡೆದು ಮನೆಯ ಸಂಖ್ಯೆಯಷ್ಟು ಬಡಿತ. ಎರಡು ಬಡಿದು ಮತ್ತೆ ಎರಡು ಬಡಿದರೆ ‘ಜಿ’. ಒಂದು, ಆಮೇಲೆ ಎರಡು ಬಡಿದರೆ ‘ಬಿ’. ನಾಲ್ಕು, ಆಮೇಲೆ ಐದು ಬಡಿದರೆ ‘ಯು’. ಮೂರೂ ಸೇರಿದರೆ ‘ದೇವರು ನಿನ್ನನ್ನು ಕಾಪಾಡಲಿ’ ಎಂಬುದರ ಚುಟುಕು ರೂಪ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹನೋಯ್‌ನ ಹ್ವಾ ಲೋ ಜೈಲಿನಲ್ಲಿದ್ದ ಅಮೆರಿಕದ ವಿಮಾನಚಾಲಕರು ಪಕ್ಕದ ಕೋಣೆಯವನಿಗೆ ವಿದಾಯ ಹೇಳುತ್ತಿದ್ದುದು ಹೀಗೆ, ಬೆರಳಿನ ಗೆಣ್ಣಿನಿಂದ. ಬಾಯಿಬಿಟ್ಟು ಮಾತಾಡಿದ್ದು ಕಾವಲಿನವರಿಗೆ ಕೇಳಿಸಿದರೆ ಶಿಕ್ಷೆ ಕಾದಿರುತ್ತಿತ್ತು.

ಈ ಲೆಕ್ಕವನ್ನು ನಾನು ಒಂದು ರಾತ್ರಿ ಮೇಜಿನ ಮೇಲೆ ಬಡಿದು ನೋಡಿದೆ. ಇಂಗ್ಲಿಷ್ ಅಕ್ಷರಗಳಲ್ಲಿ, ಮೊದಲಿಗೆ ಎರಡು ‘ಓ’ ಹಾಕಿ, ‘ಊಟ ಆಯ್ತಾ’ ಎಂದು ಕೇಳಲು ನಲವತ್ತೈದು ಬಡಿತ ಬೇಕಾಯಿತು. ನಡುವೆ ಎರಡು ಸಲ ಲೆಕ್ಕ ತಪ್ಪಿ ಮೊದಲಿಂದ ಶುರುಮಾಡಿದೆ. ಅರ್ಧ ಹೊಟ್ಟೆಯಲ್ಲಿ, ಕಾಲಿಗೆ ಬೇಡಿ ಹಾಕಿಸಿಕೊಂಡು, ಒಂದು ಕಿವಿಯನ್ನು ಗೋಡೆಗೂ ಇನ್ನೊಂದನ್ನು ಕಾವಲಿನವನ ಹೆಜ್ಜೆಗೂ ಕೊಟ್ಟು ಆ ಜನ ಇದನ್ನು ವರ್ಷಗಟ್ಟಲೆ ಮಾಡಿದರು. ಸ್ಮಿಟಿ ಹ್ಯಾರಿಸ್ ಎಂಬ ಚಾಲಕ 1965ರ ಏಪ್ರಿಲ್ 4ರಂದು ಸೆರೆಸಿಕ್ಕಿದ್ದ. ತರಬೇತಿಯ ದಿನಗಳಲ್ಲಿ, ಪಾಠ ಮುಗಿದ ಮೇಲೆ ಬೋಧಕರೊಬ್ಬರು ಮಾತಿನ ನಡುವೆ ಹೇಳಿದ್ದ ಈ ಪದ್ಧತಿ ಅವನ ನೆನಪಿನಲ್ಲಿತ್ತು. ಅವನು ಜೊತೆಯವರಿಗೆ ಕಲಿಸಿದ, ಅವರು ಇನ್ನುಳಿದವರಿಗೆ ಕಲಿಸಿದರು. ಆಮೇಲೆ ಕಸ ಗುಡಿಸುವ ಪೊರಕೆಯ ಸದ್ದಿನಲ್ಲೂ ಕೆಮ್ಮಿನಲ್ಲೂ ಅದೇ ಲೆಕ್ಕ ಸಾಗಿತು.

ದೀರ್ಘ ಸೆರೆಯನ್ನು ಮನುಷ್ಯ ಹೇಗೆ ತಾಳುತ್ತಾನೆ ಎಂಬ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಕೊಡುವ ಉತ್ತರ ‘ಮನೋಬಲ’. ತಾಳಿದವನು ಬಾಳಿಯಾನು ಎನ್ನುತ್ತದೆ ಗಾದೆ. ಅಲ್ಲಿ ತಾಳುವವನು ಒಬ್ಬನೇ, ತಾಳ್ಮೆ ಅವನ ಸ್ವಂತ ಆಸ್ತಿ. ಯುದ್ಧಕೈದಿಗಳ ಕಥೆಗಳನ್ನು ಓದುತ್ತಾ ಹೋದಂತೆ ಈ ಏಕವಚನದ ಮೇಲೆ ನನ್ನ ನಂಬಿಕೆ ಸಡಿಲವಾಗಿದೆ. ತಾಳ್ಮೆ ಒಬ್ಬನ ಒಳಗಿರುವ ವಸ್ತುವಲ್ಲ, ಇಬ್ಬರ ನಡುವೆ ಹುಟ್ಟುವಂಥದ್ದು ಎಂದು ನನಗೀಗ ಅನ್ನಿಸುತ್ತದೆ.

ಈ ಮಾತಿಗೆ ದೊಡ್ಡ ಎದುರಾಳಿ, ಅದೇ ಜೈಲಿನಲ್ಲಿದ್ದ ಚಾಲಕ ಜೇಮ್ಸ್ ಸ್ಟಾಕ್‌ಡೇಲ್. 1965ರ ಸೆಪ್ಟೆಂಬರ್ 9ರಂದು ಅವರ ವಿಮಾನ ಉರುಳಿತು. ಬಿಡುಗಡೆಯಾದದ್ದು 1973ರ ಫೆಬ್ರವರಿ 12ರಂದು. ಏಳೂವರೆ ವರ್ಷದ ಆ ಸೆರೆಯಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಂಟಿ ಕೋಣೆಯಲ್ಲಿದ್ದರು. ಪ್ಯಾರಾಶೂಟಿನಲ್ಲಿ ಇಳಿಯುವಾಗಲೇ, ಯಂತ್ರಗಳ ಲೋಕವನ್ನು ಬಿಟ್ಟು ಎಪಿಕ್ಟೀಟಸ್‌ನ ಲೋಕಕ್ಕೆ ಕಾಲಿಡುತ್ತಿದ್ದೇನೆ ಎಂದು ತಮಗೆ ಅನ್ನಿಸಿತು ಎಂದು ಅವರು ಮುಂದೆ ಬರೆದರು. ಗುಲಾಮನಾಗಿದ್ದ, ಕಾಲು ಕುಂಟಾಗಿದ್ದ ಆ ತತ್ತ್ವಜ್ಞಾನಿಯ ಮೂಲ ಪಾಠ ಒಂದೇ: ನಿನ್ನ ಕೈಯಲ್ಲಿರುವುದು ಯಾವುದು, ಇಲ್ಲದ್ದು ಯಾವುದು ಎಂದು ಬೇರ್ಪಡಿಸಿಕೋ. ದೇಹ ನಿನ್ನ ಕೈಯಲ್ಲಿಲ್ಲ, ಸಂಕಲ್ಪ ಇದೆ. ಸೆರೆಮನೆಗೆ ಇದಕ್ಕಿಂತ ಹೊಂದುವ ತತ್ತ್ವ ಇನ್ನೊಂದಿಲ್ಲವೆಂದು ಯಾರಿಗಾದರೂ ತೋರುತ್ತದೆ.

ಆದರೆ ಅಲ್ಲಿ ನಿಜವಾಗಿ ನಡೆದದ್ದೇನು? 1955ರಲ್ಲಿ, ಕೊರಿಯಾ ಯುದ್ಧದ ಅನುಭವದ ಮೇಲೆ, ಅಮೆರಿಕದ ಸೇನೆ ತನ್ನವರಿಗೆ ಒಂದು ನೀತಿಸಂಹಿತೆ ಕೊಟ್ಟಿತ್ತು. ಸೆರೆಸಿಕ್ಕರೆ ಹೆಸರು, ಹುದ್ದೆ, ಸೇವಾಸಂಖ್ಯೆ, ಹುಟ್ಟಿದ ದಿನ ಇಷ್ಟನ್ನು ಹೇಳಬೇಕು, ಉಳಿದ ಪ್ರಶ್ನೆಗಳಿಗೆ ಶಕ್ತಿಮೀರಿ ಉತ್ತರ ತಪ್ಪಿಸಬೇಕು. ಹ್ವಾ ಲೋದಲ್ಲಿ ತೋಳುಗಳನ್ನು ಹಿಂದಕ್ಕೆ ಹಗ್ಗದಿಂದ ಬಿಗಿದು, ತಲೆಯನ್ನು ಪಾದದ ಕಡೆಗೆ ಬಾಗಿಸಿ ಕಟ್ಟಿದಾಗ ಈ ನಿಯಮವನ್ನು ಪೂರ್ತಿ ಉಳಿಸಿಕೊಳ್ಳಲು ಹೆಚ್ಚುಕಡಿಮೆ ಯಾರಿಂದಲೂ ಆಗಲಿಲ್ಲ. ಕೇಳಿದ್ದನ್ನು ಬರೆದುಕೊಟ್ಟರು, ಹೇಳಿಸಿದ್ದನ್ನು ಹೇಳಿದರು. ನೋವು ಇಳಿಯುವ ಹೊತ್ತಿಗೆ ಅದಕ್ಕಿಂತ ಕೆಟ್ಟದ್ದು ಬಂದು ಕೂರುತ್ತಿತ್ತು. ಎಲ್ಲರೂ ತಡೆದುಕೊಂಡರು, ಸೋತವನು ನಾನೊಬ್ಬನೇ ಎಂಬ ನಾಚಿಕೆ ಅದು.

ಭಯ ಮತ್ತು ಪಾಪಪ್ರಜ್ಞೆ, ಈ ಎರಡೇ ಜೈಲಿನವರ ನಿಜವಾದ ಆಯುಧಗಳಾಗಿದ್ದವು ಎಂದು ಸ್ಟಾಕ್‌ಡೇಲರೇ ಗುರುತಿಸಿದ್ದಾರೆ. ಭಯಕ್ಕೆ ಎಪಿಕ್ಟೀಟಸ್‌ನಲ್ಲಿ ಮದ್ದಿದೆ ಎಂದು ಒಪ್ಪುತ್ತೇನೆ. ಆದರೆ ಸಂಕಲ್ಪ ಮಾತ್ರ ನಿನ್ನದು ಎಂದು ನಂಬಿದವನ ಸಂಕಲ್ಪವೇ ಮುರಿದುಬಿದ್ದರೆ ಅವನಿಗೆ ಉಳಿಯುವುದೇನು? ತನ್ನ ತಪ್ಪನ್ನು ತನಗೇ ಹೇಳಿಕೊಳ್ಳುತ್ತಾ ಕೂತರೆ ಅದು ಬೆಳೆಯುತ್ತದೆಯೇ ಹೊರತು ಕರಗುವುದಿಲ್ಲ. ಕರಗಿದ್ದು ಗೋಡೆಯ ಮೂಲಕ. ಹೊಸಬನೊಬ್ಬ ನಡುಗುವ ಬೆರಳಿನಿಂದ ತಾನು ಸೋತದ್ದನ್ನು ಬಡಿಯುತ್ತಿದ್ದ. ಆ ಬದಿಯಿಂದ, ನನಗೂ ಹಾಗೇ ಆಯಿತು ಎಂಬ ಅರ್ಥದ ಬಡಿತಗಳು ಬರುತ್ತಿದ್ದವು. ಸಾಧ್ಯವಾದಷ್ಟು ತಡೆ, ಕೈಲಾಗದಿದ್ದರೆ ಕಡಿಮೆ ಕೊಡು, ಚೇತರಿಸಿಕೊಂಡು ನಾಳೆ ಮತ್ತೆ ಅವರು ಕಷ್ಟಪಟ್ಟೇ ಗಳಿಸುವಂತೆ ಮಾಡು: ಅಲ್ಲಿ ಬೆಳೆದ ನಿಜವಾದ ನೀತಿ ಇದು. ಇದನ್ನು ಸಂಕಲ್ಪವೆಂದೇ ಕರೆಯಿರಿ. ಆದರೆ ಅದನ್ನು ಮತ್ತೆ ಎತ್ತಿ ನಿಲ್ಲಿಸಿದ್ದು ಪಕ್ಕದ ಕೋಣೆಯವನು.

ಇಲ್ಲಿ ಒಂದು ಆಕ್ಷೇಪವನ್ನು ನಾನು ತಪ್ಪಿಸಿಕೊಳ್ಳುವಂತಿಲ್ಲ. ಅದೇ ಯುದ್ಧದಲ್ಲಿ ಅಮೆರಿಕದ ಸೇನಾಧಿಕಾರಿ ಫ್ಲಾಯ್ಡ್ ಥಾಂಪ್ಸನ್ 1964ರ ಮಾರ್ಚ್ 26ರಂದು ಸೆರೆಸಿಕ್ಕು 1973ರ ಮಾರ್ಚ್‌ನಲ್ಲಿ ಬಿಡುಗಡೆಯಾದರು. ಒಂಬತ್ತು ವರ್ಷಕ್ಕೆ ಹತ್ತೇ ದಿನ ಕಡಿಮೆ. ಅದರಲ್ಲಿ ಸುಮಾರು ಐದು ವರ್ಷ ತಮ್ಮ ದೇಶದ ಇನ್ನೊಬ್ಬ ಕೈದಿಯ ಮುಖವನ್ನೇ ಕಾಣಲಿಲ್ಲ. ಆದರೂ ಬದುಕಿದರು. ಹಾಗಾದರೆ ಒಬ್ಬಂಟಿಯಾಗಿಯೂ ತಾಳಬಹುದಲ್ಲ? ತಾಳಬಹುದು, ಆ ಬಲವನ್ನು ಸಣ್ಣದು ಮಾಡುವ ಧೈರ್ಯ ನನಗಿಲ್ಲ. ಆದರೆ ಅದರ ಬೆಲೆಯನ್ನೂ ನೋಡಬೇಕು. ಮರಳಿ ಬಂದಾಗ ಅವರು ಬಿಟ್ಟುಹೋಗಿದ್ದ ಸಂಸಾರ ಹಾಗೆ ಉಳಿದಿರಲಿಲ್ಲ, ಕುಡಿತ ಅವರನ್ನು ಬಹುಕಾಲ ಹಿಂಡಿತು. ಇನ್ನೊಬ್ಬರು ಅರ್ನೆಸ್ಟ್ ಬ್ರೇಸ್. ಲಾವೋಸಿನ ಕಾಡಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಬಿದಿರಿನ ಪಂಜರದಲ್ಲಿದ್ದು, 1968ರಲ್ಲಿ ಹನೋಯ್‌ಗೆ ಬಂದರು. ಪಕ್ಕದ ಕೋಣೆಯಲ್ಲಿದ್ದ ಜಾನ್ ಮೆಕೇನ್ ಗೋಡೆಯ ಮೂಲಕ ಮಾತಿಗೆ ಎಳೆದಾಗ ಬ್ರೇಸ್‌ಗೆ ಮೊದಮೊದಲು ಅಳುವುದು ಬಿಟ್ಟು ಬೇರೇನೂ ಸಾಧ್ಯವಾಗಲಿಲ್ಲ. ಪಂಜರವನ್ನು ತಾಳಿದ್ದವನು ಒಂದು ಗೆಣ್ಣಿನ ಸದ್ದಿಗೆ ಕುಸಿದ. ಮನುಷ್ಯ ಏನಿಲ್ಲದೆ ಇದ್ದ ಎಂಬುದು ಆ ಅಳುವಿನಲ್ಲಿದೆ.

ನಮ್ಮ ನೆಲದಲ್ಲೂ ಇದಕ್ಕೆ ಒಂದು ಹಳೆಯ ಸಾಕ್ಷಿ ಇದೆ. 1780ರ ಸೆಪ್ಟೆಂಬರ್‌ನಲ್ಲಿ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೇನೆ ಬ್ರಿಟಿಷರ ಕರ್ನಲ್ ಬೇಯ್ಲಿಯ ಪಡೆಯನ್ನು ನೆಲಕಚ್ಚಿಸಿತು. ಉಳಿದವರನ್ನು ಶ್ರೀರಂಗಪಟ್ಟಣಕ್ಕೆ ತಂದು ಇಟ್ಟರು. ಬೇಯ್ಲಿ 1782ರಲ್ಲಿ ಸೆರೆಯಲ್ಲೇ ಸತ್ತ. ಮೈತುಂಬ ಗಾಯವಾಗಿದ್ದ ಡೇವಿಡ್ ಬೇರ್ಡ್‌ಗೂ ಬೇಡಿ ತೊಡಿಸಲು ಬಂದಾಗ, ಅವನದನ್ನೂ ನನ್ನ ಕಾಲಿಗೇ ಹಾಕಿ ಎಂದು ಕ್ಯಾಪ್ಟನ್ ಲ್ಯೂಕಸ್ ಮುಂದೆ ಬಂದನೆಂದು ಬೇರ್ಡ್‌ನ ಜೀವನಕಥೆ ಹೇಳುತ್ತದೆ. 1784ರಲ್ಲಿ ಮಂಗಳೂರು ಒಪ್ಪಂದವಾದ ಮೇಲೆ ಬೇರ್ಡ್ ಹೊರಬಂದ. 1799ರ ಮೇ 4ರಂದು ಅದೇ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಅವನೇ. ಇತಿಹಾಸ ನೆನಪಿಟ್ಟದ್ದು ಈ ಎರಡನೆಯ ಬೇರ್ಡ್‌ನನ್ನು. ನನಗೆ ದೊಡ್ಡದಾಗಿ ಕಾಣುವುದು ಮಾತ್ರ ಎರಡು ಬೇಡಿ ಹೊರಲು ಕಾಲು ಚಾಚಿದವನು.

ಗೋಡೆಯ ಎರಡೂ ಬದಿಯವರನ್ನು ಹೇಳಬೇಕಾದರೆ ಇನ್ನೊಂದನ್ನೂ ಹೇಳಬೇಕು. ಹ್ವಾ ಲೋ ಎಂದರೆ ಒಲೆ. ಅದನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಟ್ಟಿದವರು ಫ್ರೆಂಚರು, ವಿಯೆಟ್ನಾಮಿನ ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಲು. ಆ ಹೋರಾಟಗಾರರೂ ಅಲ್ಲಿ ಒಬ್ಬರಿಗೊಬ್ಬರು ಪಾಠ ಹೇಳಿಕೊಂಡೇ ದಿನ ನೂಕಿದರು.

ಬೇಗ ಬಿಡುತ್ತೇವೆಂದರೂ ಕೆಲವರು ಯಾಕೆ ಹೋಗಲಿಲ್ಲ ಎಂಬುದೂ ಇಲ್ಲಿಂದಲೇ ಅರ್ಥವಾಗುತ್ತದೆ. ಮೆಕೇನ್ ಅವರ ತಂದೆ 1968ರಲ್ಲಿ ಪೆಸಿಫಿಕ್ ವಲಯದ ಸೇನಾಮುಖ್ಯಸ್ಥರಾದರು. ಮಗನನ್ನು ಬಿಡುತ್ತೇವೆ ಎಂದಿತು ಹನೋಯ್. ಮೊದಲು ಸಿಕ್ಕವರು ಮೊದಲು ಹೋಗಬೇಕು ಎಂದು ಮೆಕೇನ್ ಒಪ್ಪಲಿಲ್ಲ. ಅದಕ್ಕೂ ಮೂರು ವರ್ಷ ಮುಂಚೆ, 1965ರ ಸೆಪ್ಟೆಂಬರ್ 22ರಂದು, ನಮ್ಮ ಕೊಡಗಿನ ಜನರಲ್ ಕಾರ್ಯಪ್ಪನವರ ಮಗ, ವಾಯುಪಡೆಯ ಕೆ.ಸಿ. ಕಾರ್ಯಪ್ಪ, ಪಾಕಿಸ್ತಾನದ ಕೈಗೆ ಸಿಕ್ಕಿದ್ದರು. ಅಲ್ಲಿನ ಆಗಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಬಿಡುಗಡೆಯ ಮಾತು ಅಲ್ಲಿಂದ ಬಂದಾಗ, ಅಲ್ಲಿರುವ ಕೈದಿಗಳೆಲ್ಲ ತನ್ನ ಮಕ್ಕಳೇ, ಇವನಿಗೊಬ್ಬನಿಗೆ ವಿಶೇಷ ಬೇಡ ಎಂದು ತಂದೆ ತಿಳಿಸಿದರು. ಮಗ ಕೆಲವು ತಿಂಗಳು ಸೆರೆಯಲ್ಲೇ ಉಳಿದರು. ಇದನ್ನು ಬರೀ ದೇಶಭಕ್ತಿಯ ಕಥೆಯಾಗಿ ಹೇಳುವುದು ಸಾಲದು. ಒಬ್ಬ ಮುಂಚೆ ಹೊರಟರೆ, ಉಳಿದವರ ಪಾಲಿಗೆ ಗೋಡೆಯ ಆ ಬದಿ ಖಾಲಿಯಾಗುತ್ತದೆ. ಅದು ತಂದೆಗೂ ಗೊತ್ತಿತ್ತು.

ಇದು ಕಾನೂನಿಗೂ ಗೊತ್ತಿದೆ. 1949ರ ಮೂರನೆಯ ಜಿನೀವಾ ಒಪ್ಪಂದದ ಪ್ರಕಾರ, ಶಿಬಿರ ತಲುಪಿದ ಒಂದು ವಾರದೊಳಗೆ ಕೈದಿಗೆ ತಾನು ಸೆರೆಯಲ್ಲಿದ್ದೇನೆಂದು ಮನೆಗೆ ಕಾರ್ಡು ಬರೆಯುವ ಹಕ್ಕಿದೆ. ಮಿತಿ ಹಾಕಲೇಬೇಕಾಗಿ ಬಂದರೂ ತಿಂಗಳಿಗೆ ಎರಡು ಕಾಗದ, ನಾಲ್ಕು ಕಾರ್ಡಿಗಿಂತ ಕಡಿಮೆ ಮಾಡುವಂತಿಲ್ಲ. ಅನ್ನ, ಔಷಧಿಗಳ ಸಾಲಿನಲ್ಲೇ ಅಂಚೆಗೂ ಜಾಗ ಕೊಟ್ಟವರು ಎರಡನೆಯ ಮಹಾಯುದ್ಧವನ್ನು ಕಣ್ಣಾರೆ ಕಂಡವರು. ಆ ಕಾರ್ಡು ಬರುವವರೆಗೆ ಮನೆಯಲ್ಲಿದ್ದವರೂ ಸೆರೆಯಲ್ಲೇ ಇರುತ್ತಾರೆ.

ಹಾಗೆ ಇನ್ನೂ ಇರುವವರು ನಮ್ಮ ದೇಶದಲ್ಲಿದ್ದಾರೆ. ಮುಖ್ಯವಾಗಿ 1971ರ ಯುದ್ಧದಲ್ಲಿ ಕಾಣೆಯಾದ 54 ಮಂದಿ ಪಾಕಿಸ್ತಾನದ ಜೈಲುಗಳಲ್ಲಿ ಇದ್ದಾರೆಂದು ನಂಬಲಾಗಿದೆ ಎಂದು ಭಾರತ ಸರ್ಕಾರ ಹೇಳುತ್ತಾ ಬಂದಿದೆ, ಪಾಕಿಸ್ತಾನ ನಿರಾಕರಿಸುತ್ತಾ ಬಂದಿದೆ. 2007ರಲ್ಲಿ 14 ಮಂದಿ ಬಂಧುಗಳು ಅಲ್ಲಿನ ಜೈಲುಗಳಿಗೇ ಹೋಗಿ ಹುಡುಕಿದರು. ಅವರಿಗೆ ತಮ್ಮವರು ಸಿಗಲಿಲ್ಲ. ಪಟ್ಟಿಯಿಂದ ಆ ಹೆಸರುಗಳನ್ನು ಈವರೆಗೆ ತೆಗೆದಿಲ್ಲ.