ಭರಣಿ ಮಳೆ ಯಾರ ಧರಣಿಗೆ?

‘ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ’, ‘ಅಶ್ವಿನಿ ಸಸ್ಯನಾಶಿನಿ’, ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’. ನಮ್ಮ ಕೋಲಾರದ ಕಡೆ ಈ ಮಾತು ಕೇಳದೆ ಬೆಳೆದವರಿಲ್ಲ. ಮುಳಬಾಗಿಲು, ಶ್ರೀನಿವಾಸಪುರದ ತೆಲುಗು ಮನೆಗಳಲ್ಲಿ ಮಳೆ ನಕ್ಷತ್ರಕ್ಕೆ ‘ಕಾರ್ತೆ’ ಅಂತಾರೆ. ವಿಜ್ಞಾನ ಓದಿದ ನಮ್ಮ ಹುಡುಗರು ಇದೆಲ್ಲ ಮೌಢ್ಯ ಅಂತ ಒಂದೇ ಏಟಿಗೆ ತಳ್ಳುತ್ತಾರೆ. ಹಿರಿಯರು ಕಣ್ಣುಮುಚ್ಚಿ ಒಪ್ಪುತ್ತಾರೆ. ಎರಡೂ ಸಲೀಸು. ಪರೀಕ್ಷೆ ಮಾಡುವುದೇ ಕಷ್ಟ.

ಮಾಡಿ ನೋಡೋಣ ಗೆಳೆಯರೇ. ಶಿವರಾತ್ರಿ ಚಂದ್ರನ ಲೆಕ್ಕದ್ದು. 2023ರಲ್ಲಿ ಫೆಬ್ರವರಿ 18ಕ್ಕೆ ಬಂತು, 2024ರಲ್ಲಿ ಮಾರ್ಚ್ 8ಕ್ಕೆ. ಚಳಿ ಪಂಚಾಂಗ ನೋಡಿಕೊಂಡು ಕಾಯುತ್ತದೆಯೇ? ಆ ಮಾತು ಬರೀ ಅಂದಾಜು. ಅಶ್ವಿನಿ, ಭರಣಿ ಹಾಗಲ್ಲ. ಅವು ಸೂರ್ಯನ ಲೆಕ್ಕದವು. ಏಪ್ರಿಲ್ ನಡುವಿನಿಂದ ಒಂದೊಂದಕ್ಕೆ 13-14 ದಿನ, ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ತಾರೀಖು. ನಕ್ಷತ್ರ ಮಳೆ ಸುರಿಸುವುದಿಲ್ಲ. ಅದು ಕಾಲಕ್ಕೆ ಇಟ್ಟ ಹೆಸರು. ಗಾದೆಯೂ ಮಳೆ ಬರುತ್ತದೆ ಎನ್ನುವುದಿಲ್ಲ, ‘ಬಂದರೆ’ ಎನ್ನುತ್ತದೆ. ಬಂದರೆ ನೆಲ ಮೆತ್ತಗಾಗಿ ನೇಗಿಲು ಇಳಿಯುತ್ತದೆ, ಕಳೆ ಮೊದಲೇ ಮೊಳೆತು ಉಳುಮೆಗೆ ಸಾಯುತ್ತದೆ, ಹೊಲ ರಾಗಿಗೆ ಹದವಾಗುತ್ತದೆ. ಇದು ಭವಿಷ್ಯವಲ್ಲ, ದುಡಿದವರ ಅನುಭವ. ಆದರೂ ನಮ್ಮ ಜಿಲ್ಲೆಗೆ ದೊಡ್ಡ ಮಳೆ ಸೆಪ್ಟೆಂಬರ್-ಅಕ್ಟೋಬರಿನದು. ಅದು ಕೈಕೊಟ್ಟರೆ ಭರಣಿ ಒಂದೇ ತೆನೆ ತುಂಬಿಸಲಾರದು.

ಯುಗಾದಿ ದಿನ ದೇವಸ್ಥಾನದಲ್ಲಿ ಓದುವ ಪಂಚಾಂಗದ ಮಾತೇ ಬೇರೆ. ಅಲ್ಲಿ ಸಮುದ್ರಕ್ಕಿಷ್ಟು, ಬೆಟ್ಟಕ್ಕಿಷ್ಟು, ಭೂಮಿಗಿಷ್ಟು ಅಂತ ಮಳೆ ಮೊದಲೇ ಪಾಲಾಗಿರುತ್ತದೆ. ಅದನ್ನು ಹೊರಗೆ ನಿಂತು ಕೇಳಿದವರು ನಾವು. ಮೋಡ ನೋಡಿ, ಕೆರೆಯ ತೂಬು ಕಾದು, ಯಾವ ಗದ್ದೆಗೆ ಎಷ್ಟು ನೀರೆಂದು ಬಿಟ್ಟ ನೀರುಗಂಟಿಗಳೂ ಈ ಸೀಮೆಯಲ್ಲಿ ಬಹುಮಟ್ಟಿಗೆ ನಾವೇ. ಊರಿಗೆಲ್ಲ ನೀರು ಹಂಚಿದ ಕೈಗೆ ಊರ ಬಾವಿ ಮುಟ್ಟುವ ಹಕ್ಕಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗಿಳಿದು ನೀರು ಕುಡಿದದ್ದು ಈ ಅನ್ಯಾಯದ ವಿರುದ್ಧವೇ.

ಈಗ ಮೂಲ ಪ್ರಶ್ನೆ. ಧರಣಿಯೆಲ್ಲ ಬೆಳೆ ಅಂದರೆ ಯಾರ ಧರಣಿ? ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ಸಾವಿರಕ್ಕಿಷ್ಟು ಅಂತ ದುಡಿಯುವವರಿಗೆ ಅದೇ ಭರಣಿ ಮಳೆ ಬಂದರೆ ಹಸಿ ಇಟ್ಟಿಗೆ ಕರಗಿ ಮಣ್ಣು. ಅಶ್ವಿನಿಯಲ್ಲಿ ಆಲಿಕಲ್ಲು ಬಿದ್ದರೆ ಶ್ರೀನಿವಾಸಪುರದ ಮಾವಿನ ತೋಪಿನವನ ಫಸಲು ಹೋಯ್ತು ಅಂತ ಊರೇ ಮರುಗುತ್ತದೆ. ಕಾಯಿ ಆಯುವವಳ ಕೂಲಿ ಹೋದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ತುಂಡು ನೆಲವಿಲ್ಲದವನಿಗೆ ಭರಣಿ ಅಂದರೆ ಬೆಳೆಯಲ್ಲ, ನಾಲ್ಕು ದಿನದ ಉಳುಮೆ ಕೆಲಸ.

ಗಾದೆ ಸುಳ್ಳಲ್ಲ, ಅರ್ಧ ನಿಜ. ಎಸೆದರೆ ನಮ್ಮವರ ದುಡಿಮೆಯ ಅರಿವನ್ನೇ ಎಸೆದಂತೆ. ಪೂಜೆ ಮಾಡಿದರೆ ಉಳಿದರ್ಧ ಎಂದೂ ಕಾಣುವುದಿಲ್ಲ. ಹಳ್ಳಿಯ ಮೇಷ್ಟ್ರುಗಳು ಮಕ್ಕಳ ಕೈಲಿ ಒಂದು ಪುಸ್ತಕ ಇಡಿಸಲಿ. ಯಾವ ನಕ್ಷತ್ರದಲ್ಲಿ ಎಷ್ಟು ಮಳೆ ಬಂತು, ಆ ದಿನಗಳಲ್ಲಿ ಕೇರಿಯ ಎಷ್ಟು ಜನಕ್ಕೆ ಕೂಲಿ ಸಿಕ್ಕಿತು, ಎರಡನ್ನೂ ಒಂದೇ ಪುಟದಲ್ಲಿ ಬರೆಯಲಿ.